ನಾಟಿಕೋಳಿಯ ತಳಿರಕ್ಷಣೆಯೂ ಕೋಳಿ ಸಾಕುವವರ ಸಂಘಗಳೂ

ರಾಗಿಯ ಕುಯ್ಲಿನ ಕಾಲದಲ್ಲಿ ಯಾವ ರೈತನೂ ದಪ್ಪ ತೆನೆಗಳನ್ನೆಲ್ಲ ಮಾರಿ, ಸೊರಗಿದ ತೆನೆಗಳನ್ನು ಬಿತ್ತನೆಗೆ ಉಳಿಸಿಕೊಳ್ಳುವುದಿಲ್ಲ. ಬೀಜ ಕೆಟ್ಟರೆ ಬೆಳೆ ಕೆಡುವುದೆಂಬುದು ಅವನಿಗೆ ತಿಳಿದ ಮಾತು. ಆದರೆ ಕೋಳಿಯ ವಿಷಯದಲ್ಲಿ ಅದೇ ರೈತನ ಮನೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮೈತುಂಬಿದ ಹುಂಜವು ಹಬ್ಬಕ್ಕೋ ಹರಕೆಗೋ ನೆಂಟರ ಊಟಕ್ಕೋ ಮೊದಲು ಹೋಗುತ್ತದೆ. ಸಂತೆಯ ವ್ಯಾಪಾರಸ್ಥನೂ ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾನೆ. ಹಿತ್ತಲಲ್ಲಿ ಉಳಿಯತಕ್ಕದ್ದು ಯಾರಿಗೂ ಬೇಡವಾದ ಸಣ್ಣ ಹುಂಜ. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ತಂದೆ. ವರ್ಷವರ್ಷವೂ ಹೀಗೆ ನಡೆದರೆ ತಳಿಯು ಕುಗ್ಗುವುದಲ್ಲದೆ ಬೇರೆ ಫಲವುಂಟಾಗಲಾರದು.

ಈ ಕೊರತೆಯನ್ನು ಒಂದೇ ಮನೆಯವರು ಸರಿಪಡಿಸಿಕೊಳ್ಳುವುದು ಸಾಧ್ಯವಿಲ್ಲ. ಒಬ್ಬನು ಎಷ್ಟೇ ಶ್ರದ್ಧೆಯಿಂದ ಹಿಂಡನ್ನು ಸಾಕಿದರೂ, ಕೆಲವು ವರ್ಷಗಳಲ್ಲಿ ಅಣ್ಣತಂಗಿಯರಂತಿರುವ ಕೋಳಿಗಳೇ ಕೂಡಿ ಮರಿಗಳು ಬಲಹೀನವಾಗುತ್ತವೆ. ಅಥವಾ ಒಂದು ಸಾಂಕ್ರಾಮಿಕವು ಹೊಕ್ಕು ಒಂದೇ ವಾರದಲ್ಲಿ ಗೂಡು ಬರಿದಾಗುತ್ತದೆ. ಆದುದರಿಂದ ನಾಟಿಕೋಳಿಯ ತಳಿಯನ್ನು ಕಾಪಾಡತಕ್ಕ ಕೆಲಸವು ಕೋಳಿಯನ್ನು ಕೊಳ್ಳುವುದರಿಂದ ಮೊದಲಾಗದೆ, ಜನರನ್ನು ಕೂಡಿಸುವುದರಿಂದ ಮೊದಲಾಗತಕ್ಕದ್ದು. ಈ ಕಾರ್ಯದಲ್ಲಿ ಗ್ರಾಮದ ಯಜಮಾನರೂ ಹಿಡುವಳಿದಾರರೂ ವಹಿಸಬಹುದಾದ ಪಾತ್ರವು ದೊಡ್ಡದು.

ನಗರ ಮತ್ತು ಗ್ರಾಮಗಳ ಸಂಬಂಧ

ರಾಷ್ಟ್ರಕವಿಯ ಹೆಸರನ್ನು ಧರಿಸಿರುವ ಮೈಸೂರಿನ ಕುವೆಂಪುನಗರದಂತಹ ಬಡಾವಣೆಗಳಲ್ಲಿ ನಾಟಿಕೋಳಿಯ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಹೆಚ್ಚಿನ ಬೆಲೆಯನ್ನು ಕೊಡಲು ಸಿದ್ಧರಾದ ಗೃಹಸ್ಥರಿದ್ದಾರೆ. ಹಳ್ಳಿಯಿಂದ ಬಂದು ನೆಲೆಸಿ, ನಾಲ್ಕು ಕೋಳಿಗಳನ್ನಾದರೂ ಸಾಕಬೇಕೆಂಬ ಆಸೆಯುಳ್ಳವರೂ ಇರುತ್ತಾರೆ. ಆದರೆ ಅಲ್ಲಿಯ ನಿವೇಶನಗಳು ಕಿರಿದು. ಮನೆಗೆ ಮನೆ ತಗುಲಿಕೊಂಡಿವೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಹುಂಜವು ಕೂಗತೊಡಗಿದರೆ ನೆರೆಯವರೊಡನೆ ಮನಸ್ತಾಪ ತಪ್ಪದು. ತಳಿಯನ್ನು ಬೆಳೆಸಲು ಹುಂಜವಿಲ್ಲದೆ ಆಗದು. ಹುಂಜವನ್ನು ಇಡಲು ಅಂಗಳವಿಲ್ಲದೆ ಆಗದು.

ಅದೇ ನಗರದಿಂದ ಹೆಗ್ಗಡದೇವನಕೋಟೆ, ಹುಣಸೂರು, ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಗೆ ಹೊರಡುವ ರಸ್ತೆಗಳ ಇಕ್ಕೆಲದ ಗ್ರಾಮಗಳಲ್ಲಿ ಹಿತ್ತಲುಗಳುಂಟು, ತಿಪ್ಪೆಗಳುಂಟು, ಕಣಗಳುಂಟು. ಅಲ್ಲಿ ಕೋಳಿಗೆ ಬೇಕಾದ ಹುಳುಹುಪ್ಪಟೆ, ಚೆಲ್ಲಿದ ಕಾಳು, ಹಸಿರು ಸೊಪ್ಪು ಇವೆಲ್ಲ ಖರ್ಚಿಲ್ಲದೆ ದೊರೆಯುತ್ತವೆ. ಆದಕಾರಣ ಸಂಘದ ಕೋಳಿಗಳು ಹಳ್ಳಿಯಲ್ಲಿರತಕ್ಕದ್ದು. ನಗರದ ಸದಸ್ಯರು ಲೆಕ್ಕಪುಸ್ತಕವನ್ನು ಬರೆಯುವುದರಲ್ಲಿಯೂ ಮೊಟ್ಟೆಗೆ ಕಾಯಂ ಗಿರಾಕಿಗಳನ್ನು ಒದಗಿಸುವುದರಲ್ಲಿಯೂ ನೆರವಾಗತಕ್ಕದ್ದು. ಹೀಗೆ ಕೆಲಸವನ್ನು ಹಂಚಿಕೊಂಡರೆ ಇಬ್ಬರಿಗೂ ಲಾಭ.

ಪರದೇಶಗಳ ಉದಾಹರಣೆ

ಇಂತಹ ಸಂಘಗಳು ಹೊಸತೇನೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ 1849ರಲ್ಲಿಯೇ ಕೋಳಿಗಳ ಪ್ರದರ್ಶನವು ನಡೆಯಿತು. ಆ ದೇಶದ ಕುಕ್ಕುಟ ಸಂಘವು 1873ರಲ್ಲಿ ಸ್ಥಾಪಿತವಾಗಿ, ಮರುವರ್ಷವೇ ಒಂದೊಂದು ತಳಿಯ ಲಕ್ಷಣಗಳನ್ನು ನಿಗದಿಪಡಿಸಿದ ಗ್ರಂಥವನ್ನು ಪ್ರಕಟಿಸಿತು. ಬ್ರಿಟನ್ನಿನ ಕೋಳಿ ಸಂಘವು 1877ರಲ್ಲಿ ಹುಟ್ಟಿತು. ಬೇರೆಬೇರೆ ಊರುಗಳಲ್ಲಿ ಚದುರಿರುವ ಸಾಕಣೆದಾರರು ಒಂದೇ ಲಕ್ಷಣಪಟ್ಟಿಯನ್ನು ಮುಂದಿಟ್ಟುಕೊಂಡು ನಡೆದುದರಿಂದ, ಅಲ್ಲಿ ಎಷ್ಟೋ ಹಳೆಯ ತಳಿಗಳು ಇಂದಿಗೂ ಉಳಿದಿವೆ.

ಈ ಪ್ರಸಂಗದಲ್ಲಿ ನಮ್ಮ ದೇಶದವರು ನೆನಪಿಡಬೇಕಾದ ಸಂಗತಿಯೊಂದುಂಟು. ಭಾರತದ ಅಸೀಲ್ ಕೋಳಿಯನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಒಯ್ದು, ಅಲ್ಲಿಯ ಕೋಳಿಗಳೊಡನೆ ಕೂಡಿಸಿ, ಅಗಲವಾದ ಎದೆಯುಳ್ಳ ಒಂದು ತಳಿಯನ್ನು ಮಾಡಿದರು. ಕಾರ್ನಿಷ್ ಎಂಬ ಆ ತಳಿಯೇ ಇಂದು ಜಗತ್ತಿನ ಎಲ್ಲೆಡೆ ಮಾಂಸಕ್ಕಾಗಿ ಸಾಕುವ ಬಾಯ್ಲರ್ ಕೋಳಿಯ ತಂದೆಯ ವಂಶಕ್ಕೆ ಮೂಲ. ನಮ್ಮ ಹಿತ್ತಲ ಕೋಳಿಯ ಗುಣವನ್ನು ಪರದೇಶದವರು ಗುರುತಿಸಿ, ಕ್ರಮವರಿತು ಬೆಳೆಸಿ, ಬೆಲೆಯುಳ್ಳದ್ದಾಗಿ ಮಾಡಿಕೊಂಡರು. ಹುಂಜದ ಕಾದಾಟಕ್ಕೆಂದು ಮಾತ್ರ ಅದನ್ನು ಬಲ್ಲವರು ಇಲ್ಲಿ ಉಳಿದರು.

ಯಾವ ತಳಿಯನ್ನು ಆರಿಸತಕ್ಕದ್ದು

1984ರಲ್ಲಿ ಸ್ಥಾಪಿತವಾಗಿ ಈಗ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ದೇಶದ ಕೋಳಿಯ ತಳಿಗಳನ್ನು ಪರೀಕ್ಷಿಸಿ ನೋಂದಾಯಿಸುತ್ತದೆ. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರನ್ನು ಹೊತ್ತಿರುವ ತಳಿಯು ಘಾಗಸ್. ಇದು ಆಂಧ್ರಪ್ರದೇಶಕ್ಕೂ ಕೋಲಾರದ ಸೀಮೆಗೂ ಸೇರಿದ್ದು. ಮಧ್ಯಮ ಗಾತ್ರ, ಗಟ್ಟಿ ದೇಹ, ಚೆನ್ನಾಗಿ ಕಾವು ಕೂತು ಮರಿಗಳನ್ನು ಜೋಪಾನ ಮಾಡುವ ಗುಣ, ಇವು ಇದರ ಹೆಗ್ಗಳಿಕೆ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದಲ್ಲಿ ಅಸೀಲ್ ಮತ್ತು ಘಾಗಸ್ ತಳಿಗಳೆರಡನ್ನೂ ಸಂರಕ್ಷಿಸಲಾಗಿದೆ.

ಅಸೀಲ್ ಹುಂಜವು 4ರಿಂದ 5 ಕಿಲೋ, ಹೇಂಟೆಯು 3ರಿಂದ 4 ಕಿಲೋ ತೂಗಬಹುದು. ಆದರೆ ಮೊಟ್ಟೆ ಕಡಮೆ, ಹುಂಜಗಳನ್ನು ಬೇರೆಬೇರೆ ಇಡುವ ಶ್ರಮ ಹೆಚ್ಚು. ಮಧ್ಯಪ್ರದೇಶದ ಝಾಬುವಾ ಸೀಮೆಯ ಕಡಕನಾಥ ಎಂಬ ಕಪ್ಪು ಮಾಂಸದ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಅದರ ಬೇಡಿಕೆಯು ಎಲ್ಲೆಡೆ ಹಬ್ಬಿದೆ. ಅದನ್ನು ಸಾಕುವುದು ತಪ್ಪಲ್ಲ. ಆದರೆ ದೂರದ ತಳಿಯ ಮೋಹದಲ್ಲಿ ತಮ್ಮ ಊರಿನ ಕೋಳಿಯನ್ನು ಮರೆಯಬಾರದು. ಹೊಸದಾಗಿ ಮೊದಲುಮಾಡುವ ಸಂಘವು ಸುತ್ತಲಿನ ಹತ್ತಾರು ಹಳ್ಳಿಗಳಲ್ಲಿ ತಲತಲಾಂತರದಿಂದ ಉಳಿದು ಬಂದಿರುವ ನಾಟಿಕೋಳಿಯನ್ನೇ ಆರಿಸಿಕೊಳ್ಳುವುದು ಉತ್ತಮ. ಕುತ್ತಿಗೆಯಲ್ಲಿ ಪುಕ್ಕವಿಲ್ಲದ ಬೋಳು ಕತ್ತಿನ ಕೋಳಿಯು ಕಣ್ಣಿಗೆ ಅಂದವಿಲ್ಲವೆಂದು ಕೆಲವರು ಅದನ್ನು ತಳ್ಳಿಹಾಕುವುದುಂಟು. ಪುಕ್ಕ ಕಡಮೆಯಿರುವುದರಿಂದಲೇ ಅದು ಬಿಸಿಲನ್ನು ಹೆಚ್ಚು ತಾಳುತ್ತದೆಂಬುದನ್ನು ಗಮನಿಸಬೇಕು.

ಕಾಡಿನಂಚಿನ ಗ್ರಾಮದವರಿಗೆ ಒಂದು ಎಚ್ಚರಿಕೆ. ಬಂಡೀಪುರ, ನಾಗರಹೊಳೆಗಳ ಬೂದು ಕಾಡುಕೋಳಿಯನ್ನಾಗಲಿ ಅದರ ಮೊಟ್ಟೆಯನ್ನಾಗಲಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಾಕುಕೋಳಿಗಳ ಹಳದಿ ಚರ್ಮದ ಗುಣವು ಈ ಕಾಡುಕೋಳಿಯಿಂದಲೇ ಬಂದುದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದಿದೆ. ಆ ಮೂಲ ಸಂಪತ್ತು ಕಾಡಿನಲ್ಲಿಯೇ ಇರಲಿ.

ಮಿಶ್ರ ತಳಿಯ ವಿಷಯ

ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಅನಂತರ ಬಂದ ಸ್ವರ್ಣಧಾರಾ, ಇವು ರೈತರಿಗೆ ಉಪಕಾರ ಮಾಡಿರುವ ಕೋಳಿಗಳು. ನಾಟಿ ಹೇಂಟೆಯು ವರ್ಷಕ್ಕೆ 50ರಿಂದ 70 ಮೊಟ್ಟೆ ಇಡುವಲ್ಲಿ ಗಿರಿರಾಜವು 130ರಿಂದ 150ರವರೆಗೆ ಇಡಬಲ್ಲದು. ಮೊಟ್ಟೆ ಮಾಂಸಗಳಿಗಾಗಿ ಅವನ್ನು ಸಾಕುವವರು ಸಾಕಲಿ. ಆದರೆ ಅವು ಹಲವು ತಳಿಗಳನ್ನು ಕೂಡಿಸಿ ಮಾಡಿದವು. ಮನೆಯಲ್ಲಿ ಅವುಗಳಿಂದ ಮರಿ ಮಾಡಿಸಿದರೆ ಆ ಗುಣಗಳು ಚದುರಿಹೋಗಿ ಮರಿಗಳು ಒಂದೊಂದೂ ಒಂದೊಂದು ತೆರನಾಗುತ್ತವೆ. ಅವುಗಳ ಹುಂಜವು ನಾಟಿ ಹೇಂಟೆಗಳ ನಡುವೆ ತಿರುಗಾಡಿದರೆ, ಕಾವು ಕೂರುವ ಗುಣವೂ ಹದ್ದನ್ನು ಕಂಡು ಮರಿಗಳನ್ನು ಅಡಗಿಸುವ ಚುರುಕೂ ಕ್ರಮೇಣ ಕಡಮೆಯಾಗುತ್ತವೆ. ಆದಕಾರಣ ಸಂಘದ ಸದಸ್ಯರ ಮನೆಯಲ್ಲಿ ತಳಿಯ ಹಿಂಡಿನೊಡನೆ ಬೇರೆ ಹುಂಜವನ್ನು ಬಿಡಕೂಡದು.

2019ರ ಇಪ್ಪತ್ತನೆಯ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆಯು ಸುಮಾರು 31.7 ಕೋಟಿಯೆಂದೂ, 2012ಕ್ಕಿಂತ ನೂರಕ್ಕೆ ಸುಮಾರು 46ರಷ್ಟು ಹೆಚ್ಚಿದೆಯೆಂದೂ ಕಂಡುಬಂದಿತು. ಈ ಅಂಕಿಯನ್ನು ಕಂಡು ನಾಟಿ ತಳಿಗಳು ಸುರಕ್ಷಿತವಾಗಿವೆಯೆಂದು ಭಾವಿಸಬಾರದು. ಹಿತ್ತಲಲ್ಲಿ ಸಾಕುವ ಸುಧಾರಿತ ಕೋಳಿಗಳೂ ಆ ಎಣಿಕೆಯಲ್ಲಿ ಸೇರಿವೆ. ಸಂಖ್ಯೆ ಬೆಳೆಯುತ್ತಿರುವಾಗಲೇ ತಳಿಯು ಕರಗಿಹೋಗುವುದುಂಟು.

ಹುಂಜಗಳ ಸರದಿ

ಸಂಘದ ಮುಖ್ಯ ಪ್ರಯೋಜನವು ಇಲ್ಲಿ ಕಾಣುವುದು. ತಳಿಶಾಸ್ತ್ರಜ್ಞರಲ್ಲಿ ಒಂದು ಲೆಕ್ಕವುಂಟು: ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕುಪಟ್ಟು ಮಾಡಿ, ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಬೇಕು. ಒಂದು ಹುಂಜ, ಹತ್ತು ಹೇಂಟೆಗಳಿರುವ ಮನೆಯಲ್ಲಿ ಈ ಲೆಕ್ಕದಂತೆ ಬರುವುದು 3.6 ಮಾತ್ರ. ಕಣ್ಣಿಗೆ ಹನ್ನೊಂದು ಕೋಳಿ ಕಂಡರೂ, ತಳಿಯ ದೃಷ್ಟಿಯಿಂದ ಅವು ನಾಲ್ಕಕ್ಕಿಂತ ಕಡಮೆ. ಅಂತಹ ಹಿಂಡಿನಲ್ಲಿ ಹತ್ತಿರದ ರಕ್ತಸಂಬಂಧದ ದೋಷವು ಪ್ರತಿಯೊಂದು ಪೀಳಿಗೆಗೂ ನೂರಕ್ಕೆ ಸುಮಾರು 14ರಂತೆ ಏರುತ್ತದೆ. ಮೊಟ್ಟೆಗಳು ಒಡೆಯದಿರುವುದು, ಮರಿಗಳು ಸಾಯುವುದು, ಹೇಂಟೆಗಳ ಇಳುವರಿ ಕುಗ್ಗುವುದು, ಇವು ಆ ದೋಷದ ಫಲಗಳು.

ಹದಿನೈದು ಮನೆಗಳವರು ಕೂಡಿ, ಮನೆಗೊಂದು ಹುಂಜ ಹತ್ತು ಹೇಂಟೆಗಳಂತೆ ಸಾಕಿ, ಹುಂಜಗಳನ್ನು ಸರದಿಯಂತೆ ಬದಲಾಯಿಸಿಕೊಂಡರೆ, ಅದೇ ಲೆಕ್ಕದಲ್ಲಿ 54 ದೊರೆಯುತ್ತದೆ. ದೋಷವು ಪೀಳಿಗೆಗೆ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ. ತಳಿಯು ಉಳಿಯಲು ಈ ಸಂಖ್ಯೆಯು 50ಕ್ಕಿಂತ ಕಡಮೆಯಾಗಬಾರದೆಂಬುದು ಅಂಗೀಕೃತವಾದ ಮಾತು. ಯಾವ ಮನೆಯವರೂ ಹನ್ನೊಂದಕ್ಕಿಂತ ಹೆಚ್ಚು ಕೋಳಿಗಳನ್ನು ಇಡಬೇಕಾಗಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಸರದಿಯ ಕ್ರಮವು ಸುಲಭ. ಮೊದಲನೆಯ ಮನೆಯಲ್ಲಿ ಹುಟ್ಟಿದ ಒಳ್ಳೆಯ ಹುಂಜವು ಎರಡನೆಯ ಮನೆಗೆ, ಎರಡನೆಯ ಮನೆಯದು ಮೂರನೆಯದಕ್ಕೆ, ಹೀಗೆ ಸಾಗಿ ಹದಿನೈದನೆಯ ಮನೆಯದು ಮೊದಲನೆಯದಕ್ಕೆ ಬರುವುದು. ಹೇಂಟೆಗಳು ಮಾತ್ರ ಹುಟ್ಟಿದ ಮನೆಯಲ್ಲಿಯೇ ಉಳಿಯುವುವು. ಬಂದ ಹುಂಜವನ್ನು ಮೂರು ವಾರ ಪ್ರತ್ಯೇಕವಾಗಿ ಇಟ್ಟು, ರೋಗವಿಲ್ಲವೆಂದು ಕಂಡ ಮೇಲೆಯೇ ಹಿಂಡಿಗೆ ಬಿಡತಕ್ಕದ್ದು. ಹಳೆಯ ಹುಂಜವನ್ನು ತೆಗೆದ ಮೇಲೂ ಎರಡು ಮೂರು ವಾರ ಅದರ ಬೀಜವು ಹೇಂಟೆಯಲ್ಲಿ ಉಳಿದಿರುವುದರಿಂದ, ಆ ಅವಧಿಯ ಮೊಟ್ಟೆಗಳನ್ನು ಕಾವಿಗೆ ಇಡದೆ ಊಟಕ್ಕೆ ಬಳಸುವುದು.

ಸರದಿಗೆ ಆಯ್ಕೆಯಾದ ಹುಂಜದ ಕಾಲಿಗೆ ಸಂಘದ ಬಳೆಯನ್ನು ಹಾಕತಕ್ಕದ್ದು. ಬಳೆಯುಳ್ಳ ಹುಂಜವನ್ನು ಅದರ ಬದಲಿಗೆ ಬೇರೊಂದು ಸಿದ್ಧವಾಗುವವರೆಗೆ ಮಾರಕೂಡದು, ಕೊಯ್ಯಕೂಡದು. ಹಬ್ಬದ ದಿನಗಳಲ್ಲಿ ಈ ನಿಯಮವನ್ನು ಮೊದಲು ಯಜಮಾನರ ಮನೆಯಲ್ಲಿಯೇ ಪಾಲಿಸಿದರೆ ಉಳಿದವರು ತಾವಾಗಿ ಅನುಸರಿಸುವರು.

ಪುಸ್ತಕದಲ್ಲಿ ಮರಿ ಒಡೆದ ದಿನ, ತಾಯಿತಂದೆಗಳ ಗುರುತು, ಎಂಟನೆಯ ಮತ್ತು ಇಪ್ಪತ್ತನೆಯ ವಾರಗಳ ತೂಕ, ವರ್ಷದ ಮೊಟ್ಟೆಗಳ ಎಣಿಕೆ, ಸತ್ತವುಗಳ ಕಾರಣ, ಇಷ್ಟನ್ನು ಬರೆದರೆ ಸಾಕು. ಒಂದು ದಿನದ ಮರಿಯ ಕಾಲ್ಬೆರಳುಗಳ ನಡುವಣ ತೆಳುಚರ್ಮದಲ್ಲಿ ಸಣ್ಣ ರಂಧ್ರ ಮಾಡುವ ಪದ್ಧತಿಯುಂಟು. ಎರಡು ಕಾಲುಗಳಲ್ಲಿ ಕೂಡಿ ಇಂತಹ ನಾಲ್ಕು ಸ್ಥಳಗಳಿರುವುದರಿಂದ ಹದಿನಾರು ಬಗೆಯ ಗುರುತುಗಳು ದೊರೆಯುತ್ತವೆ. ಹದಿನೈದು ಮನೆಗಳಿಗೆ ಇದು ಸಾಲುತ್ತದೆ.

ಕಾವು ಮತ್ತು ಮರಿಗಳ ಪೋಷಣೆ

ಕಾವಿಗೆ ಇಡುವ ಮೊಟ್ಟೆಗಳು ಮಧ್ಯಮ ಗಾತ್ರದವೂ ಸೀಳಿಲ್ಲದವೂ ಆಗಿರಬೇಕು. ಅವನ್ನು ಚೂಪು ತುದಿ ಕೆಳಗಾಗಿ ತಂಪಾದ ಸ್ಥಳದಲ್ಲಿ ಇಟ್ಟು, ಒಂದು ವಾರದೊಳಗೆ ಕಾವಿಗೆ ಇಡುವುದು. ಒಂದು ಹೇಂಟೆಗೆ 10ರಿಂದ 12 ಮೊಟ್ಟೆಗಳು ಸಾಕು. ಏಳನೆಯ ರಾತ್ರಿ ಮೊಟ್ಟೆಗಳನ್ನು ದೀಪದ ಬೆಳಕಿಗೆ ಹಿಡಿದು ನೋಡಿ, ನರಗಳ ಜಾಲ ಕಾಣದವುಗಳನ್ನು ತೆಗೆಯುವುದು. 21ನೆಯ ದಿನ ಮರಿಗಳು ಒಡೆಯುತ್ತವೆ. ಹೇಂಟೆಯಿಲ್ಲದೆ ದೀಪದ ಶಾಖದಲ್ಲಿ ಸಾಕುವುದಾದರೆ ಮೊದಲನೆಯ ವಾರ 35 ಡಿಗ್ರಿ ಸೆಂಟಿಗ್ರೇಡ್ ಶಾಖವಿದ್ದು, ವಾರಕ್ಕೆ 3 ಡಿಗ್ರಿಯಂತೆ ಇಳಿಸುವುದು. ಮರಿಗಳು ದೀಪದಡಿ ಗುಂಪುಗೂಡಿದರೆ ಚಳಿಯೆಂದೂ, ದೂರ ಸರಿದು ಬಾಯಿ ತೆರೆದರೆ ಸೆಕೆಯೆಂದೂ ತಿಳಿಯತಕ್ಕದ್ದು.

ಹಳ್ಳಿಗಳಲ್ಲಿ ನಷ್ಟವಾಗುವುದು ಹೆಚ್ಚಾಗಿ ಮೊದಲ ಎಂಟು ವಾರಗಳಲ್ಲಿ. ಹತ್ತು ಹೇಂಟೆಗಳು ವರ್ಷಕ್ಕೆ ಎರಡು ಸಲ ಹನ್ನೆರಡು ಮೊಟ್ಟೆಗಳಂತೆ ಕಾವು ಕೂತು, ನೂರಕ್ಕೆ 80 ಒಡೆದರೆ 192 ಮರಿಗಳಾಗುತ್ತವೆ. ಹದ್ದು, ಕಾಗೆ, ಮುಂಗುಸಿ, ಮಳೆ, ರೋಗಗಳಿಂದ ಅರ್ಧ ಹೋದರೆ ಉಳಿಯುವುದು 96. ಆ ಎಂಟು ವಾರ ಮರಿಗಳನ್ನು ಬಲೆಯ ಅಂಕಣದಲ್ಲಿಯೋ ಮಂಕರಿಯಡಿಯಲ್ಲಿಯೋ ಇಟ್ಟು, ನುಚ್ಚು, ರಾಗಿ, ಗೆದ್ದಲು, ಶುದ್ಧವಾದ ನೀರು ಇವನ್ನು ಕೊಟ್ಟು ಕಾಪಾಡಿದರೆ, ಹೇಂಟೆಗಳನ್ನು ಹೆಚ್ಚಿಸದೆಯೇ ಆದಾಯವನ್ನು ಹೆಚ್ಚಿಸಬಹುದು. ಬೂಜು ಹಿಡಿದ ಕಡಲೆಹಿಂಡಿಯನ್ನಾಗಲಿ ಜೋಳವನ್ನಾಗಲಿ ಎಂದಿಗೂ ಹಾಕಕೂಡದು; ಅದರ ವಿಷದಿಂದ ಈಲಿಯು ಕೆಟ್ಟು ಕೋಳಿಗಳು ಸಾಯುತ್ತವೆ. ರಾತ್ರಿಯ ಗೂಡು ನೆಲದಿಂದ ಎತ್ತರದಲ್ಲಿರಬೇಕು, ಗಾಳಿಯಾಡಬೇಕು, ಕೋಳಿಗೆ ಒಂದು ಚದರಡಿಗಿಂತ ಕಡಮೆಯಿಲ್ಲದ ಸ್ಥಳವಿರಬೇಕು.

ರೋಗನಿವಾರಣೆ

ಕೊಕ್ಕರೆ ರೋಗವು ಕೋಳಿಗಳ ಮಹಾಶತ್ರು. 1920ರ ದಶಕದ ಕೊನೆಯಲ್ಲಿ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ಅದಕ್ಕೆ ಆ ಊರಿನ ಹೆಸರೂ ಉಂಟು. ಬಂದ ಮೇಲೆ ಔಷಧವಿಲ್ಲ, ಬಾರದಂತೆ ಲಸಿಕೆಯುಂಟು. ಮರಿಗಳಿಗೆ 5ರಿಂದ 7 ದಿನಗಳಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟನೆಯ ವಾರದ ಸುಮಾರಿಗೆ ರೆಕ್ಕೆಯಡಿಯಲ್ಲಿ ಚುಚ್ಚುಮದ್ದು, ಹೀಗೆ ಪಶುವೈದ್ಯರ ಸೂಚನೆಯಂತೆ ಹಾಕಿಸತಕ್ಕದ್ದು. ಸಿಡುಬಿನ ಲಸಿಕೆಯನ್ನೂ ತಪ್ಪಿಸಬಾರದು. ಲಸಿಕೆಯ ಬುಡ್ಡಿಯು ನೂರು ಅಥವಾ ಅದಕ್ಕೂ ಹೆಚ್ಚಿನ ಕೋಳಿಗಳಿಗೆ ಆಗುವಂತಿದ್ದು, ಬೆರೆಸಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಯಬೇಕು. ಹತ್ತು ಕೋಳಿಯವನು ಒಬ್ಬನೇ ತಂದರೆ ಮಿಕ್ಕುದೆಲ್ಲ ಚರಂಡಿಯ ಪಾಲು. ಆದುದರಿಂದಲೇ ಎಷ್ಟೋ ಮನೆಗಳಲ್ಲಿ ಲಸಿಕೆಯನ್ನು ಹಾಕಿಸುವುದೇ ಇಲ್ಲ. ಸಂಘದವರು ಒಂದು ಬುಡ್ಡಿಯನ್ನು ಮಂಜುಗಡ್ಡೆಯಲ್ಲಿ ತಂದು ಒಂದೇ ಬೆಳಿಗ್ಗೆ ಕೇರಿಯ ಎಲ್ಲ ಮನೆಗಳಿಗೂ ಹಾಕಿಸಬಹುದು.

ಹಕ್ಕಿಜ್ವರದ ಮಾತು ಬೇರೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಅದು ಕಾಣಿಸಿಕೊಂಡಾಗ, ಅಲ್ಲಿ ಸಾಕಿದ್ದ ಕೋಳಿಗಳನ್ನು ನಿರ್ಮೂಲ ಮಾಡಬೇಕಾಯಿತು. 2020ರ ಮಾರ್ಚಿಯಲ್ಲಿ ಮೈಸೂರು ನಗರದ ಕುಂಬಾರಕೊಪ್ಪಲಿನಲ್ಲಿಯೂ ಆ ರೋಗವು ದೃಢಪಟ್ಟು ಸುತ್ತಣ ಕೋಳಿಗಳನ್ನು ಕೊಲ್ಲಲಾಯಿತು. ರೋಗ ಕಂಡ ಸ್ಥಳದಿಂದ ಒಂದು ಕಿಲೋಮೀಟರು ಸುತ್ತಳತೆಯ ಕೋಳಿಗಳೆಲ್ಲವನ್ನೂ ತೆಗೆಯುವುದು ಜನರ ಕ್ಷೇಮಕ್ಕಾಗಿ ವಿಧಿಸಿದ ಕ್ರಮ. ಅದಕ್ಕೆ ಅಡ್ಡಿ ಮಾಡಬಾರದು, ಕೋಳಿಗಳನ್ನು ಬಚ್ಚಿಡಬಾರದು. ಒಂದು ತಳಿಯು ಒಂದೇ ಅಂಗಳದಲ್ಲಿದ್ದರೆ ಆ ದಿನವೇ ಅದರ ಅಂತ್ಯ. ಹದಿನೈದು ಮನೆಗಳೂ ಒಂದೇ ಕೇರಿಯಲ್ಲಿದ್ದರೂ ಫಲವು ಅದೇ. ಆದಕಾರಣ ಸಂಘದ ಸದಸ್ಯರು ನಾಲ್ಕೈದು ಊರುಗಳಲ್ಲಿ ಚದುರಿರತಕ್ಕದ್ದು. ರೋಗದ ಸುದ್ದಿ ಬಂದೊಡನೆ ಹುಂಜಗಳ ಸರದಿಯನ್ನೂ ಸಂತೆಯ ವ್ಯವಹಾರವನ್ನೂ ನಿಲ್ಲಿಸತಕ್ಕದ್ದು.

ಸಂಘದ ರಚನೆ

ಏಳು ಜನರು ಒಪ್ಪಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಸಂಘವನ್ನು ನೋಂದಾಯಿಸಬಹುದು. ಮೊಟ್ಟೆಯ ಮಾರಾಟವೇ ಮುಖ್ಯ ಉದ್ದೇಶವಾದರೆ 1959ರ ಸಹಕಾರ ಸಂಘಗಳ ಕಾಯಿದೆಯು ಹೆಚ್ಚು ಒಪ್ಪುವುದು. ನಿಯಮಾವಳಿಯಲ್ಲಿ ತಳಿಯ ಲಕ್ಷಣ, ಸರದಿಯ ದಿನ, ಬಳೆಯ ನಿಯಮ, ಲಸಿಕೆಯ ಖರ್ಚಿನ ಹಂಚಿಕೆ ಇವು ಸ್ಪಷ್ಟವಾಗಿರಬೇಕು. ಮನೆಗಳಲ್ಲಿ ಕೋಳಿಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಹೆಂಗಸರು. ಅವರ ಹೆಸರನ್ನು ಬಿಟ್ಟು ಗಂಡಸರ ಹೆಸರನ್ನೇ ಬರೆದುಕೊಂಡ ಸಂಘವು ಕಾಗದದ ಮೇಲೆ ಮಾತ್ರ ಉಳಿದೀತು. ಜಮೀನಿಲ್ಲದ ಮನೆಯವರಿಗೂ ಸದಸ್ಯತ್ವವಿರಲಿ. ಜಮೀನುದಾರರು ಮೊದಲ ವರ್ಷ ಅವರಿಗೆ ಒಂದು ಜೊತೆ ಕೋಳಿಯನ್ನು ಕೊಟ್ಟು, ಮರುವರ್ಷ ಮರಿಗಳ ರೂಪದಲ್ಲಿ ಹಿಂದಕ್ಕೆ ಪಡೆಯುವ ಏರ್ಪಾಡನ್ನು ಮಾಡಬಹುದು.

ಪ್ರದರ್ಶನಕ್ಕೆ ಹೋಗಿ ಬಂದ ಕೋಳಿಯನ್ನು ಮೂರು ವಾರ ಪ್ರತ್ಯೇಕವಾಗಿಡುವ ಶಿಸ್ತಿದ್ದರೆ, ಸುತ್ತೂರು ಜಾತ್ರೆಯ ಕೃಷಿಮೇಳ, ದಸರೆಯ ಕಾಲದ ರೈತ ದಸರಾ ಮೊದಲಾದ ಸಂದರ್ಭಗಳಲ್ಲಿ ಒಳ್ಳೆಯ ಹುಂಜಗಳನ್ನು ಜನರಿಗೆ ತೋರಿಸುವುದಕ್ಕೆ ಸಂಘವು ಅವಕಾಶ ಕೋರಬಹುದು. ಕೋಳಿ ಕಾಳಗಕ್ಕೆ ಮಾತ್ರ ಸಂಘದ ಹೆಸರು ಸೋಂಕಕೂಡದು. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ವಿರುದ್ಧ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಹೋಬಳಿಯ ಪಶು ಆಸ್ಪತ್ರೆಯಲ್ಲಿಯೂ ವಿಚಾರಿಸಿದರೆ ತರಬೇತಿಯ ವಿವರಗಳು ತಿಳಿಯುವುವು.

2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ, ಕನಿಷ್ಠ 1,000 ಮೊಟ್ಟೆಕೋಳಿಗಳ ಮೂಲಹಿಂಡು ಮತ್ತು ಮರಿ ಮಾಡುವ ಘಟಕಗಳಿಗೆ ಬಂಡವಾಳದ ಅರ್ಧದಷ್ಟು, ಹೆಚ್ಚೆಂದರೆ 25 ಲಕ್ಷ ರೂಪಾಯಿ, ಸಹಾಯಧನವನ್ನು ವಿಧಿಸಲಾಯಿತು. ಹೊಸಬರು ಇಂತಹ ದೊಡ್ಡ ಉದ್ಯಮಕ್ಕೆ ಮೊದಲೇ ಕೈಹಾಕುವುದು ವಿವೇಕವಲ್ಲ. ಹನ್ನೊಂದು ಕೋಳಿಗಳ ಪುಸ್ತಕವನ್ನು ಎರಡು ವರ್ಷ ತಪ್ಪದೆ ಬರೆದವನಿಗೆ ಸಾವಿರ ಕೋಳಿಗಳ ಲೆಕ್ಕವು ಕಷ್ಟವಾಗದು.

ಮೊದಲ ವರ್ಷದ ಕೆಲಸಗಳು

ಮುಂಗಾರಿನ ತಿಂಗಳುಗಳಲ್ಲಿ ಸದಸ್ಯರನ್ನು ಕೂಡಿಸಿ, ಸುತ್ತಲಿನ ಊರುಗಳಲ್ಲಿ ಮಿಶ್ರವಾಗದ ಕೋಳಿಗಳಿರುವ ಮನೆಗಳನ್ನು ಪಟ್ಟಿಮಾಡುವುದು. ಆಶ್ವಯುಜದ ವೇಳೆಗೆ ಒಂದೊಂದು ಮನೆಗೂ ಬೇರೆಬೇರೆ ಊರಿನ ಹುಂಜವನ್ನು ಗೊತ್ತುಮಾಡಿ, ಲಸಿಕೆ ಹಾಕಿಸಿ, ಬಳೆ ತೊಡಿಸುವುದು. ಕಾರ್ತಿಕದಿಂದ ಮಾಘದವರೆಗಿನ ತಂಪು ಕಾಲದಲ್ಲಿ ಕಾವಿಗೆ ಇಡುವುದು. ಬೇಸಗೆಗೆ ಮುಂಚೆ ಎಲ್ಲ ಮರಿಗಳ ಲಸಿಕೆಯನ್ನು ಮುಗಿಸುವುದು. ಯುಗಾದಿಯ ನಂತರ ಸಭೆ ಸೇರಿ ಪುಸ್ತಕಗಳನ್ನು ತೆರೆದು, ಯಾವ ಮನೆಯಲ್ಲಿ ಎಷ್ಟು ಒಡೆದವು, ಎಷ್ಟು ಉಳಿದವು, ಉಳಿಯದುದಕ್ಕೆ ಕಾರಣವೇನೆಂದು ವಿಚಾರಮಾಡಿ, ಮುಂದಿನ ಸರದಿಯ ಹುಂಜಗಳನ್ನು ಆರಿಸುವುದು.